ಕರುವಿನ ಪಾಲಾದ ಹೆಸರು

ಮಳೆ ಹಿಂದೆ ಸರಿದು ಬಿಸಿಲು ಗಟ್ಟಿಯಾಗಿತ್ತು. ಕೊಯ್ದ ಹುಲ್ಲು ಚೆನ್ನಾಗಿ ಒಣಗಿದ್ದರಿಂದ ಮನೆಯ ಹಿತ್ತಲಲ್ಲಿ ಬೆಳಗಿನಿಂದಲೇ ಬಣವೆ ಒಟ್ಟುವ ಕೆಲಸ ನಡೆದಿತ್ತು. ಮಗ ಕೆಳಗಿನಿಂದ ಹೊರೆ ಎತ್ತಿ ಕೊಡುತ್ತಿದ್ದ, ಅಪ್ಪ ಮೇಲೆ ನಿಂತು ತುಳಿಯುತ್ತಿದ್ದರು. ಬೇರೆ ದಿನವಾಗಿದ್ದರೆ ಅಲ್ಲಿಂದಲೇ ನಾಲ್ಕು ಮನೆಗೆ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಇವತ್ತು ಬಾಯಿಗೆ ಹುಲ್ಲು ತುರುಕಿಕೊಂಡವರಂತೆ ಸುಮ್ಮನಿದ್ದರು. ಹಿಂಬಾಗಿಲ ಮೆಟ್ಟಿಲ ಮೇಲೆ ಸೊಸೆ ಮಗುವನ್ನು ಎಳೆಬಿಸಿಲಿಗೆ ಹಿಡಿದು ಕೂತಿದ್ದಳು. ಇಳಿದರೆ ಅವಳ ಮುಂದೆಯೇ ಹಾದುಹೋಗಬೇಕು.

ಮಗುವಿಗೆ ಹದಿನೆಂಟು ದಿನ. ಇನ್ನೂ ಹೆಸರಿಟ್ಟಿರಲಿಲ್ಲ. ನಾಳೆ ಮಧ್ಯಾಹ್ನದೊಳಗೆ ಹೆಸರು ಬರೆಸಿ, ಇಲ್ಲದಿದ್ದರೆ ಆಮೇಲೆ ನೀವುಂಟು ನಿಮ್ಮ ಅಲೆದಾಟ ಉಂಟು ಎಂದು ನೋಂದಣಿ ಕಚೇರಿಯ ಗುಮಾಸ್ತರು ಹೇಳಿ ಕಳಿಸಿದ್ದರು.

ಹೆಸರು ಹೊಳೆದಿರಲಿಲ್ಲ ಎಂದಲ್ಲ. ಹೊಳೆದ ಹೆಸರು ಕೊಟ್ಟಿಗೆಯಲ್ಲಿತ್ತು.

ಆ ಮನೆಯಲ್ಲಿ ದನಕರುಗಳಿಗೆ ಹೆಸರಿಡುವ ಹಕ್ಕು ಮಾವನದು. ನಲವತ್ತು ವರ್ಷದಿಂದ, ಹುಟ್ಟಿದ ಕರುವಿನ ಮೈ ಆರುವ ಮೊದಲೇ ಹೆಸರಿಟ್ಟು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ಬಂದಿದ್ದರು. ಸ್ವಂತ ಮಗ ಹುಟ್ಟುವ ಹೊತ್ತಿಗೆ ಒಳ್ಳೆಯವೆಲ್ಲ ಖರ್ಚಾಗಿ, ಉಳಿದದ್ದೊಂದನ್ನು ಅವನ ತಲೆಗೆ ಕಟ್ಟಿದ್ದರು. ನನ್ನ ದನಗಳು ಹೆಸರು ಹಿಡಿದು ಕರೆದರೆ ಓಡಿ ಬರುತ್ತವೆ ಎನ್ನುವುದು ಅವರ ದೊಡ್ಡ ಹೆಮ್ಮೆ.

ಸೊಸೆ ಬಸುರಿಯಾಗಿದ್ದಾಗ ಒಂದು ಸಂಜೆ ಹಾಲು ಸೋಸುತ್ತ, "ಮಾವ, ಹೆಣ್ಣಾದ್ರೆ ನಮ್ಮಮ್ಮನ ಹೆಸರೇ ಇಡ್ತೀನಿ. ಯಾರಿಗೂ ಹೇಳಿಲ್ಲ, ನಿಮ್ಮ ಮನಸ್ಸಲ್ಲೇ ಇರ್ಲಿ" ಎಂದು ಆ ಹೆಸರು ಹೇಳಿದ್ದಳು. ಅವಳ ಅಮ್ಮ ತೀರಿಕೊಂಡು ಆಗಿನ್ನೂ ಆರು ತಿಂಗಳು. ಮಾವ ಅದನ್ನು ಎಷ್ಟು ಜೋಪಾನವಾಗಿ ಮನಸ್ಸಿನಲ್ಲಿಟ್ಟುಕೊಂಡರೆಂದರೆ, ಕೊಟ್ಟವರು ಯಾರೆಂಬುದೇ ಮರೆತುಹೋಯಿತು. ಅವಳನ್ನು ಹೆರಿಗೆಗೆ ಕರೆದೊಯ್ದ ಬೆಳಗ್ಗೆಯೇ ಕೊಟ್ಟಿಗೆಯಲ್ಲಿ ಹಸು ಈಯಿತು. ಸಾಲಾಗಿ ಐದು ಹೋರಿಗರುಗಳಾದ ಮೇಲೆ ಒಂದು ಹೆಣ್ಣುಗರು! ಸಂತೋಷಕ್ಕೆ ನಾಲಿಗೆಯ ತುದಿಗೆ ಬಂದ ಒಳ್ಳೆಯ ಹೆಸರು ಹೊರಬಿದ್ದೇ ಬಿಟ್ಟಿತು. ಪಶುವೈದ್ಯರು ಕರುವಿನ ಕಿವಿಗೆ ಬಿಲ್ಲೆ ಹಾಕಿ, ತಮ್ಮ ಪುಸ್ತಕದಲ್ಲೂ ಅದನ್ನೇ ಬರೆದುಕೊಂಡು ಹೋದರು. ಮೂರನೆಯ ದಿನ ಸೊಸೆ ಮಗುವನ್ನೆತ್ತಿಕೊಂಡು ಅಂಗಳಕ್ಕೆ ಕಾಲಿಟ್ಟರೆ, ಕೊಟ್ಟಿಗೆಯೊಳಗಿನಿಂದ ಅವಳ ಅಮ್ಮನ ಹೆಸರು ಹಿಡಿದು, "ಬಾರೇ, ಮೂತಿ ಒರೆಸ್ತೀನಿ" ಎಂಬ ಮಾವನ ಕೂಗು.

ಅವಳು ಅಳಲೂ ಇಲ್ಲ, ಕೂಗಾಡಲೂ ಇಲ್ಲ. "ಇಟ್ಕೊಂಡಿರಿ ಅಂತ ಕೊಟ್ಟಿದ್ದೆ ಮಾವ. ವಾಪಸ್ ಕೊಡಿ" ಎಂದಳು.

ಅಂದಿನಿಂದ ಕರುವಿನ ಹೆಸರು ಬದಲಾಯಿಸಲು ಮಾವ ಪಟ್ಟ ಪಾಡು ಅಷ್ಟಿಷ್ಟಲ್ಲ. ದಿನಾ ಬೆಳಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ಹೊಸ ಹೆಸರಿನಿಂದ ಕರೆಯುವರು. ಕರು ಕಿವಿಯನ್ನೂ ಆಡಿಸದು. ಅರ್ಧ ಗಂಟೆ ಗಂಟಲು ಹರಿದುಕೊಂಡು, ಪಾಪ ಹಸಿದಿದೆ ಎಂದು ಮರುಗಿ, ಹಾಲಿನ ಬಕೆಟ್ಟು ಎತ್ತಿಕೊಂಡು ಹಳೆಯ ಹೆಸರು ಹೇಳಿದರೆ ಬಾಲವೆತ್ತಿಕೊಂಡು ಓಡಿ ಬರುವುದು. "ಬುದ್ಧಿ ಜಾಸ್ತಿ ಇದಕ್ಕೆ, ಮರೆಯೋದೇ ಇಲ್ಲ" ಎಂದು ನಿಟ್ಟುಸಿರಿಡುವರು. ಆ ನಿಟ್ಟುಸಿರಿನಲ್ಲೂ ಸ್ವಲ್ಪ ಜಂಬ ಇರುತ್ತಿತ್ತು.

"ರೀ, ಕೆಳಗಿಳೀರಿ!" ಅತ್ತೆ ಬಣವೆಯ ಬುಡಕ್ಕೆ ಬಂದು ಕೂಗಿದರು. "ಅಲ್ಲೇ ಮೊಟ್ಟೆ ಇಟ್ಟು ಮರಿ ಮಾಡ್ತೀರಾ? ನಾಳೆ ಆ ಗುಮಾಸ್ತರಿಗೆ ಏನಂತ ಹೇಳೋದು?"

"ಇಬ್ರಿಗೂ ಅದೇ ಇದ್ರೆ ಏನೀಗ?" ಎಂದರು ಮಾವ, ಮೇಲಿನಿಂದಲೇ.

"ಆಹಾ! ಮಗೂನ ಕರೆದ್ರೆ ಕರು ಬಂದು ಮಡಿಲಲ್ಲಿ ಕೂರ್ಲಿ. ಕರೂನ ಬೈದ್ರೆ ಮಗು ಅಳ್ಲಿ."

ಸೊಸೆ ಮಗುವನ್ನು ಅತ್ತೆಯ ಕೈಗಿತ್ತು ಎದ್ದಳು. ಇಷ್ಟು ದಿನ ಅದೇ ಮೆಟ್ಟಿಲ ಮೇಲೆ ಕೂತು ಕೊಟ್ಟಿಗೆಯ ನಾಟಕವನ್ನೆಲ್ಲ ನೋಡಿದ್ದಳು. ಕೊಟ್ಟಿಗೆಯೊಳಗೆ ಹೋಗಿ, ಖಾಲಿ ಬಕೆಟ್ಟಿನ ಹಿಡಿಯನ್ನು ಎರಡು ಸಲ ಕಿಣಿಕಿಣಿ ಆಡಿಸಿದಳು. ತುಟಿ ಬಿಚ್ಚಲಿಲ್ಲ. ಕರು ಬಾಲವೆತ್ತಿಕೊಂಡು ಓಡಿ ಬಂತು. ಅದನ್ನು ಮೂಲೆಗೆ ನೂಕಿ, ಬಕೆಟ್ಟನ್ನು ಹೊರಗಿಟ್ಟು ಬಂದು, ಅಮ್ಮನ ಹೆಸರು ಹಿಡಿದು ಕರೆದಳು. ಕರು ಗೋಡೆ ನೆಕ್ಕುತ್ತಿತ್ತು.

ಮಾವ ಹೇಗೆ ಇಳಿದು ಬಂದರೋ, ಬಾಗಿಲಲ್ಲಿದ್ದರು. "ನಿನ್ನ ಗಂಟಲು ಅದಕ್ಕೆ ಹೊಸದು ತಾಯಿ."

"ಹಾಗಾದ್ರೆ ನೀವೇ ಕರೀರಿ. ಬರಿಗೈಲಿ."

ಕರೆದರು. ಮೆಲ್ಲಗೆ, ಜೋರಾಗಿ, ಮುದ್ದಿಸಿ ಕರೆದರು. ಕರು ಗೋಡೆ ಬಿಡಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಅದರ ತಾಯಿಯನ್ನು ಕರೆದರು. ಆಮೇಲೆ ಉಳಿದ ಆರು ಹಸುಗಳನ್ನೂ ಒಂದೊಂದಾಗಿ, ತಾವೇ ಇಟ್ಟ ಅಂದದ ಹೆಸರುಗಳಿಂದ. ಒಂದಾದರೂ ಮೇವಿನಿಂದ ತಲೆ ಎತ್ತಿದ್ದರೆ ಕೇಳಿ.

ಅತ್ತೆಗೆ ಮಗುವನ್ನು ಹಿಡಿದು ನಿಲ್ಲಲಾರದಷ್ಟು ನಗು. "ನಲವತ್ತು ವರ್ಷ ಬಕೆಟ್ಟಿಗೆ ಹೆಸರಿಟ್ಟಿದ್ದೀರಲ್ಲ ರೀ!"

ಮಾವ ಹೆಗಲ ವಸ್ತ್ರ ತೆಗೆದು, ಗೋಡೆಯ ಮೇಲಿನ ಅಕ್ಷರಗಳನ್ನು ಒರೆಸಿದರು. ಕರುವಿನದನ್ನು ಮಾತ್ರ, ಉಳಿದವನ್ನು ಒರೆಸಲು ಮನಸ್ಸು ಬರಲಿಲ್ಲ.

ಮರುದಿನ ಕಚೇರಿಗೆ ಅವರೇ ಹೋದರು. ಬರೆದದ್ದನ್ನು ಗುಮಾಸ್ತರಿಂದ ಎರಡು ಸಲ ಓದಿಸಿ ಕೇಳಿದರು. ಬಂದು ಕಾಗದವನ್ನು ಸೊಸೆಯ ಕೈಗಿತ್ತರು.

"ತಾಯಿ, ದನದ ಡಾಕ್ಟ್ರು ಪುಸ್ತಕದಲ್ಲಿ ಕರುವಿನ ಹೆಸರು ಹೊಡೆದುಹಾಕಿದ್ರು. ಅಲ್ಲಿ ಏನಾದ್ರೂ ಬರೀಬೇಕಂತೆ. ನಂಗಿನ್ನು ಆ ಮುಖ ಇಲ್ಲ. ನೀನೇ ಒಂದು ಕೊಡು."

ಸೊಸೆ ಕಾಗದದ ಮೇಲಿನ ಅಮ್ಮನ ಹೆಸರನ್ನು ಬೆರಳಲ್ಲಿ ಸವರುತ್ತಿದ್ದಳು. "ಕೊಡ್ತೀನಿ ಮಾವ. ಅದಕ್ಕೇನವಸರ?" ಎಂದಳು.

ಆ ಬಾಕಿ ಇನ್ನೂ ಹಾಗೆಯೇ ಇದೆ. ಕರು ಈಗ ಎರಡು ಸೂಲಿನ ಹಸು. ಮನೆಯಲ್ಲಿ ಎಲ್ಲರೂ ಅದನ್ನು "ಅದು" ಎನ್ನುತ್ತಾರೆ. ಮಾವ ಆಗಾಗ ನೆನಪಿಸುತ್ತಾರೆ. ಸೊಸೆ, ಯೋಚನೆ ಮಾಡ್ತಿದ್ದೀನಿ ಎನ್ನುತ್ತಾಳೆ.