ಗುರುಬಸವ ಕಾಕಾನ ಬಲಭುಜ

ವಿಭೂತಿ ಹಚ್ಚುವಾಗ ಗುರುಬಸವ ಕಾಕಾ ಕೈಯನ್ನು ಹಣೆಗೆ ಒಯ್ಯುವುದಿಲ್ಲ. ಹಣೆಯನ್ನೇ ಬಗ್ಗಿಸಿ ಕೈಯ ಬಳಿಗೆ ತರುತ್ತಾರೆ. ಆ ಬಲಗೈ ಒಂದು ಕಾಲದಲ್ಲಿ ರಾಜ್ಯ ಕ್ರಿಕೆಟ್ ತಂಡದ ವೇಗದ ಬೌಲರನದು ಎಂದರೆ ನಮ್ಮ ಗೋಕುಲ ರಸ್ತೆಗೆ ಹೊಸದಾಗಿ ಬಂದವರು ನಂಬುವುದಿಲ್ಲ. ಏಪ್ರಿಲ್ ಬಿಸಿಲಲ್ಲೂ ಉಣ್ಣೆಯ ಸ್ವೆಟರ್ ತೊಟ್ಟು, ಹದಿನೆಂಟು ಹೆಜ್ಜೆಗೊಮ್ಮೆ ತುಸು ತಡೆದು ನಡೆಯುವ ಅವರನ್ನು ಕಂಡು ನಾನೂ ನಕ್ಕಿದ್ದೇನೆ. ಅವರ ರನ್‌ಅಪ್ ಹದಿನೆಂಟು ಹೆಜ್ಜೆಯದು, ಕಾಲುಗಳಿನ್ನೂ ನಿವೃತ್ತಿಯನ್ನು ಒಪ್ಪಿಲ್ಲ.

ಕೈ ಕೆಟ್ಟ ಕಥೆಯನ್ನು ಅವರು ಮುಚ್ಚಿಡುವುದಿಲ್ಲ. ಕೀರ್ತಿಯ ಉತ್ತುಂಗದಲ್ಲಿದ್ದಾಗ, ಒಂದು ಸೆಮಿಫೈನಲ್ ದಿನ, ಭುಜ ಉರಿಯುತ್ತಿದ್ದರೂ ನಾಯಕನಿಗೆ "ಛಲೋ ಐತ್ರಿ" ಅಂದರು. ಇಪ್ಪತ್ತೇಳು ಓವರ್ ಹಾಕಿ ಆರು ವಿಕೆಟ್ ಕಿತ್ತರು. ಮನೆಗೆ ಬಂದಾಗ ಅಂಗಿ ಬಿಚ್ಚಲು ಹೆಂಡತಿ ಸಂಗವ್ವ ಬೇಕಾದಳು. ಮತ್ತೆ ಅವರು ರಾಜ್ಯಕ್ಕೆ ಆಡಲಿಲ್ಲ.

ಹೀಗಾಗಿ ಮಗಳ ಮಗಳು ಐಶ್ವರ್ಯಾ ತಾನೂ ಫಾಸ್ಟ್ ಬೌಲರ್ ಆಗುತ್ತೇನೆಂದಾಗ ಕಾಕಾ ಹಿಗ್ಗಿದ್ದಕ್ಕಿಂತ ಹೆದರಿದ್ದೇ ಹೆಚ್ಚು. ಕಲಿಸಿದರೇನೋ ಸರಿ, ಚೆಂಡನ್ನು ಬಿಟ್ಟು ಅವಳ ಭುಜವನ್ನೇ ನೋಡುತ್ತ ಕಲಿಸಿದರು. ಕಳೆದ ತಿಂಗಳು, ರಾಜ್ಯ ತಂಡದ ಆಯ್ಕೆಯ ಹಿಂದಿನ ದಿನ, ಅಭ್ಯಾಸದಲ್ಲಿ ಅವಳು ಬಲಗೈ ಎತ್ತದೆ ಮತ್ತೆ ಮತ್ತೆ ಎಡಗೈಯಿಂದಲೇ ಬೆವರು ಒರೆಸಿಕೊಂಡದ್ದು ಅವರ ಕಣ್ಣಿಗೆ ಬಿತ್ತು.

"ಭುಜ ನೋಯಾಕತ್ತೈತೇನವಾ?"

"ಇಲ್ಲಜ್ಜಾ, ಛಲೋ ಐತಿ."

ಆ ಉತ್ತರ ಕೇಳಿದ ಕಾಕಾ ನೇರ ನನ್ನ ಮನೆಗೆ ಬಂದು, ಕೊಟ್ಟ ಚಹಾ ಮುಟ್ಟದೆ ಕೂತರು. "ಖರೇ ಹೇಳ್ರಿ, ಸುಮ್ನಿದ್ರ ಆಕಿ ಕೈ ಹೋಗ್ತೈತಿ, ಹೇಳಿದ್ರ ಆಕಿ ಛಾನ್ಸ್ ಹೋಗ್ತೈತಿ. ಏನ್ ಮಾಡ್ಲಿ?"

ನನಗೇನು ಗೊತ್ತು? "ನಿಮಗ ಗೊತ್ತಿದ್ದಷ್ಟು ಯಾರಿಗ್ ಗೊತ್ತೈತ್ರಿ" ಎಂದುಬಿಟ್ಟೆ. ಆ ಮಾತಿಗೆ ಇಂದಿಗೂ ನಾಚುತ್ತೇನೆ.

ಮರುದಿನ ಅವರು ಆಯ್ಕೆಗಾರರೆದುರು ನಿಂತು, ಮೊಮ್ಮಗಳು ನೋವು ಮುಚ್ಚಿಡುತ್ತಿದ್ದಾಳೆ ಎಂದರು. ಅವಳು ಎಷ್ಟು ಅಲ್ಲಗಳೆದರೂ, ಅನುಭವಿ ಅಜ್ಜನ ಮಾತಿನ ಮುಂದೆ ನಡೆಯಲಿಲ್ಲ, ಆಯ್ಕೆಗಾರರು ಅವಳ ಹೆಸರು ಕೈಬಿಟ್ಟರು. ವಾರದ ನಂತರ ಸ್ಕ್ಯಾನ್ ಆಯಿತು. ಭುಜದಲ್ಲಿ ಒಂದು ಗೀರಿನಷ್ಟು ದೋಷವೂ ಇರಲಿಲ್ಲ.

ಐಶ್ವರ್ಯಾ ಅಳಲಿಲ್ಲ. "ಚೆಂಡ್ ಹಿಡಿಯೋ ಕೈ ಒಣಾ ಇರಬೇಕು, ಎಡಗೈಲೇ ಬೆವರ ಒರಸ್ಕೋ ಅಂತ ಕಲಿಸಿದಾಂವ ನೀನ ಅಲ್ಲೇನಜ್ಜಾ?" ಎಂದಷ್ಟೇ ಕೇಳಿದಳು. ಮುಂದಿನ ಆಯ್ಕೆಯವರೆಗೆ ಅವಳ ಒಂದು ವರ್ಷ ಹೋಯಿತು. ಕಾಕಾ ಈಗ ಮೈದಾನದ ಕಡೆ ಸುಳಿಯುವುದಿಲ್ಲ.

ದೇಹವನ್ನೇ ಪಣಕ್ಕಿಟ್ಟು ಬದುಕಿದವರಲ್ಲಿ ಹಲವರು ಹೀಗೆಯೇ. ತಮ್ಮ ನೋವಿನ ಬಗ್ಗೆ ಒಮ್ಮೆ ಸುಳ್ಳು ಹೇಳಿ ಜೀವಮಾನವಿಡೀ ಅದರ ದಂಡ ತೆತ್ತವರಿಗೆ, ಪ್ರಾಣದಂಥ ಮಕ್ಕಳು ನಿಜವನ್ನೇ ಹೇಳಿದರೂ ಅದು ತಮ್ಮದೇ ಸುಳ್ಳಿನಂತೆ ಕೇಳಿಸುತ್ತದೆ. ಆಗ ಆ ದಂಡದ ಉಳಿದ ಪಾಲನ್ನು ಮಕ್ಕಳು ತೆರುತ್ತಾರೆ.