ಪಾದ ಮುಳುಗುವಷ್ಟು ನೀರು

ವಸುಂಧರಾ ಮಂಡಿಯೂರಿ ಹುಲ್ಲಿನ ಮೇಲೆ ಅಂಗೈ ಒತ್ತಿದಳು. ಕೈ ಎತ್ತಿದಾಗ ಅಂಗೈಯ ಅಚ್ಚಿನಲ್ಲಿ ನೀರು ನಿಂತಿತ್ತು. ರಾತ್ರಿಯ ಮಳೆ ಎಲೆಗಳ ಮೇಲೆ ಬಿಟ್ಟುಹೋದ ನೀರಲ್ಲ ಅದು. ತಣ್ಣಗೆ, ಬೇರುಗಳ ಸಂದಿಯಿಂದ, ಕೆಳಗಿನಿಂದ ಒಸರಿ ಬಂದದ್ದು. ಒಂದು ಹೆಜ್ಜೆ ಆಚೆ ಹೋಗಿ ಮತ್ತೆ ಒತ್ತಿ ನೋಡಿದಳು. ಅಲ್ಲೂ ಹಾಗೆಯೇ.

"ಏನಾದ್ರೂ ಬಿದ್ದೋಯ್ತಾ ವಸುಂಧರಾ?" ಹಿಂದಿನಿಂದ ಕಿರಣ್ ಕೇಳಿದ.

"ಇಲ್ಲ, ಒಂದ್ನಿಮಿಷ."

ಅವಳ ಬೆನ್ನ ಹಿಂದೆ ಐದು ಜನ ನಿಂತಿದ್ದರು. ಗಂಡ ಹೃಷಿಕೇಶ್, ಐರ್ಲೆಂಡಿನ ಅತ್ಲೋನ್ ಊರಿನಲ್ಲಿ ಅವನ ಸಹೋದ್ಯೋಗಿಯಾದ ಕಿರಣ್, ಕಿರಣನ ಹೆಂಡತಿ ನವ್ಯಾ, ನೇಸ್‌ನ ಆಸ್ಪತ್ರೆಯಲ್ಲಿ ಸರ್ಜನ್ ಆಗಿರುವ ಡಾಕ್ಟರ್ ಕೃಷ್ಣಪ್ರಸಾದ. ಎಲ್ಲರಿಗಿಂತ ಹಿಂದೆ, ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಲಾಡ್ಜಿನ ಒಡತಿ ಮೊರೀನ್. ಮುಂದೆ ಬಟ್ಟಲಿನಂಥ ಹಸಿರು ತಗ್ಗು. ತಗ್ಗಿನ ಆಚೆ ಕಡೆ, ಬೂದು ಬಣ್ಣದ ಎರಡು ಸುಣ್ಣಕಲ್ಲಿನ ಗೋಡೆಗಳ ನಡುವೆ, ಅವರು ನೋಡಲು ಬಂದಿದ್ದ ಕಮರಿಯ ಬಾಯಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಬರೀ ಕಲ್ಲು. ಬರೆನ್ ಪ್ರದೇಶವನ್ನು ಕಲ್ಲಿನ ಮರುಭೂಮಿ ಎನ್ನುವುದು ಸುಮ್ಮನಲ್ಲ. ಇಲ್ಲಿ ಎಷ್ಟು ಮಳೆ ಬಿದ್ದರೂ ಮೇಲೆ ಒಂದು ಹೊಳೆ ಕಾಣುವುದಿಲ್ಲ. ನೀರೆಲ್ಲ ಬಿರುಕುಗಳಲ್ಲಿ ಇಳಿದು ಕಲ್ಲಿನ ಹೊಟ್ಟೆಯೊಳಗೆ ಓಡಾಡುತ್ತದೆ. ಕೆಳಗೆ ಜಾಗ ಸಾಲದಾದಾಗ ಇಂಥ ತಗ್ಗುಗಳಲ್ಲಿ ಮೇಲೆ ಬರುತ್ತದೆ. ಬೆಳಿಗ್ಗೆ ಹುಲ್ಲುಗಾವಲಾಗಿದ್ದದ್ದು ಸಂಜೆಗೆ ಕೆರೆಯಾಗುವುದುಂಟು.

ಇದನ್ನು ವಸುಂಧರಾ ಪುಸ್ತಕದಲ್ಲಿ ಓದಿದ್ದಳು. ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ, ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಸಂಡೂರಿನ ಗುಡ್ಡಗಳಿಗೆ ಕರೆದೊಯ್ಯುತ್ತಿದ್ದವಳು ಅವಳು. ಹೃಷಿಕೇಶನಿಗೆ ಅತ್ಲೋನ್‌ನಲ್ಲಿ ಕೆಲಸ ಸಿಕ್ಕಿದ ಮೇಲೆ ಕಲ್ಲಿನ ಸಹವಾಸ ತಪ್ಪಿತು. ಈಗ ಅವಳದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಸಕ್ಕರೆ ಕಾಯಿಲೆಯವರಿಗೆ ರಕ್ತ ಪರೀಕ್ಷೆಯ ಯಂತ್ರದಲ್ಲಿ ಯಾವ ಗುಂಡಿ ಒತ್ತಬೇಕೆಂದು ಹೇಳುವ ಕೆಲಸ. ಒಂದೇ ಮಾತು, ದಿನವಿಡೀ.

ಬೇಸಿಗೆಯಲ್ಲಿ ಮೊರೀನಳ ಜಾಹೀರಾತು ಕಣ್ಣಿಗೆ ಬಿದ್ದಿತ್ತು. ಸಮುದ್ರದಂಚಿನ ಹೆಸರಾಂತ ಜಾಗಗಳಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ತನ್ನ ಲಾಡ್ಜಿಗೆ ಬರುವವರನ್ನು ಯಾರಿಗೂ ಗೊತ್ತಿಲ್ಲದ ಒಣ ಕಮರಿಗಳಿಗೆ ನಡೆಸಿಕೊಂಡು ಹೋಗುವ ಗೈಡ್ ಬೇಕು ಎಂದಿತ್ತು. ವಸುಂಧರಾ ಫೋನು ಮಾಡಿದಳು. ದಾರಿ ನೋಡಿಕೊಳ್ಳಲು ಎರಡು ಸಲ ಬಂದಳು. ಒಮ್ಮೆ ಮಂಜು ಕವಿದು ಅರ್ಧದಾರಿಯಿಂದ ಹಿಂತಿರುಗಬೇಕಾಯಿತು. ಇನ್ನೊಮ್ಮೆ ಜೊತೆಗೆ ಬಂದಿದ್ದ ಹೃಷಿಕೇಶನ ಆಫೀಸಿನಲ್ಲಿ ಏನೋ ಕೆಟ್ಟು ನಿಂತು, ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಅವನ ಹಿಂದೆ ಅವಳೂ ಇಳಿದಿದ್ದಳು. ಕಮರಿಯ ಉಳಿದರ್ಧವನ್ನು ನಕ್ಷೆಯಲ್ಲೇ ಓದಿಕೊಂಡಳು. ಕಡೆಗೆ ಮೊರೀನ್, "ನಿನ್ನ ಗೆಳೆಯರನ್ನೇ ಕರೆದುಕೊಂಡು ಬಾ. ನನ್ನ ಅತಿಥಿಗಳು ಅಂದುಕೊಂಡು ಕೊನೆಯವರೆಗೆ ಕರೆದೊಯ್ದು ವಾಪಸ್ ತಾ. ನಾನು ಹಿಂದೆ ಸುಮ್ಮನೆ ಬರುತ್ತೇನೆ," ಎಂದಿದ್ದಳು. ಇವತ್ತು ಆ ಪರೀಕ್ಷೆ.

ವಸುಂಧರಾ ಎದ್ದು ಪ್ಯಾಂಟಿಗೆ ಕೈ ಒರೆಸಿಕೊಂಡಳು.

"ವಾಪಸ್ ಹೋಗೋಣ," ಎಂದಳು.

ಅವಳು ತಮಾಷೆ ಮಾಡುತ್ತಿದ್ದಾಳೆಂದು ಕಿರಣ್ ನಕ್ಕ. ಹೃಷಿಕೇಶ್ ಆಕಾಶದ ಕಡೆ ನೋಡಿದ. ತೊಳೆದಿಟ್ಟ ಹಾಗೆ ನೀಲಿಯಾಗಿತ್ತು.

"ಏನ್ ವಸು, ಇಷ್ಟು ಚೆನ್ನಾಗಿ ಬಿಸಿಲು ಬಂದಿದೆ."

"ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ. ರಾತ್ರಿ ಗುಡ್ಡದ ಮೇಲೆ ಬಿದ್ದ ಮಳೆ ಈಗ ಇಲ್ಲಿಗೆ ಬರ್ತಿದೆ, ಕೆಳಗಡೆಯಿಂದ. ಒಳಗೆ ಹೋಗೋಕೆ, ಹೊರಗೆ ಬರೋಕೆ ಇದೊಂದೇ ದಾರಿ. ನಾವು ವಾಪಸ್ ಬರೋ ಹೊತ್ತಿಗೆ ಇದು ತುಂಬಿರತ್ತೆ. ಈ ತಗ್ಗಲ್ಲಿ ಅಲ್ಲಲ್ಲಿ ಗುಳಿಗಳಿದಾವೆ, ಆಳ ಇರತ್ತೆ. ಮೇಲೆ ನೀರು ನಿಂತ್ರೆ ಕಾಣಲ್ಲ."

"ಇಲ್ಲಿ ನೀರೇ ಕಾಣ್ತಿಲ್ವಲ್ಲ," ಎಂದಳು ನವ್ಯಾ, ತನ್ನ ಬಟ್ಟೆ ಬೂಟನ್ನು ಹುಲ್ಲಿನ ಮೇಲೆ ಒತ್ತಿ ನೋಡುತ್ತ.

ಡಾಕ್ಟರ್ ಕೃಷ್ಣಪ್ರಸಾದರು ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ನಿಂತರು. ಅರವತ್ತರ ಹತ್ತಿರದ ಅವರ ಮಂಡಿಗಳು ಅಷ್ಟು ಗಟ್ಟಿಯಿರಲಿಲ್ಲ. ಆದರೂ ಎಲ್ಲರಿಗಿಂತ ಹುರುಪಿನಿಂದ ಬಂದಿದ್ದವರು ಅವರೇ.

"ಅಲ್ಲಮ್ಮಾ, ಪೇಷಂಟನ್ನ ಥಿಯೇಟರ್ ಬಾಗಿಲ ತನಕ ಕರ್ಕೊಂಡು ಬಂದು ಮನೆಗೆ ಕಳಿಸಿದ ಹಾಗಾಯ್ತಲ್ಲ ಇದು."

"ಬಿ.ಪಿ. ಸರಿ ಇಲ್ಲ ಅಂದ್ರೆ ನೀವು ಕಳಿಸ್ತೀರಲ್ಲ ಸರ್."

"ಬಿ.ಪಿ. ನೋಡೋಕೆ ಯಂತ್ರ ಇದೆ. ನೀನು ಬರೀ ಕೈಯಿಟ್ಟು ಹೇಳ್ತಿದ್ದೀಯ," ಎಂದು ಅವರು ನಕ್ಕರು. ನಗುವಿನಲ್ಲಿ ಕೊಂಕಿರಲಿಲ್ಲ, ನಂಬಿಕೆಯೂ ಇರಲಿಲ್ಲ.

ವಸುಂಧರಾ ಮೊರೀನಳ ಕಡೆ ನೋಡಿದಳು. ಇವರ ಮಾತು ಅರ್ಥವಾಗದಿದ್ದರೂ ಏನು ನಡೆಯುತ್ತಿದೆಯೆಂದು ಮೊರೀನಳಿಗೆ ತಿಳಿದಿತ್ತು. "ಮುಂದೆ ನಡೆಯುತ್ತಿರುವವಳು ನೀನು," ಎಂದಷ್ಟೇ ಹೇಳಿ ತಗ್ಗಿನ ಕಡೆ ಮುಖ ತಿರುಗಿಸಿದಳು. ಆ ಮುಖದಲ್ಲಿ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ.

ಹೃಷಿಕೇಶ್ ಹತ್ತಿರ ಬಂದು ದನಿ ತಗ್ಗಿಸಿದ. "ಇದು ನಿನ್ನ ಟೆಸ್ಟು ಕಣೇ. ಅವಳು ಹುಟ್ಟಿ ಬೆಳೆದ ಜಾಗ. ಅವಳೇ ಆರಾಮಾಗಿ ನಿಂತಿದ್ದಾಳೆ, ನಿನಗೇನು? ಬೇಗ ಹೋಗಿ ಬೇಗ ಬಂದುಬಿಡೋಣ."

"ಟೆಸ್ಟು ಅಂತ ಇವರನ್ನೆಲ್ಲ ಒಳಗೆ ಕರ್ಕೊಂಡು ಹೋಗ್ಲಾ?"

ಅವನು ಬೆನ್ನಿನ ಚೀಲ ಸರಿಮಾಡಿಕೊಂಡು, ಬಂದ ದಾರಿಗೇ ತಿರುಗಿದ. ಉಳಿದವರೂ ತಿರುಗಿದರು. ದಾರಿಯುದ್ದಕ್ಕೂ ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕಮರಿಯ ಕೊನೆಯಲ್ಲಿ ಬಂಡೆಯ ಮೇಲೆ ಕೂತು ತಿನ್ನಬೇಕೆಂದು ನವ್ಯಾ ಬೆಳಿಗ್ಗೆ ಬೇಗ ಎದ್ದು ಕಟ್ಟಿದ್ದ ಪುಳಿಯೋಗರೆ ಲಾಡ್ಜಿನ ಊಟದ ಮೇಜಿನ ಮೇಲೆ ಬಿಚ್ಚಿಕೊಂಡಿತು. ಕಿಟಕಿಯಾಚೆ ಬಿಸಿಲು ಬೇಕೆಂದೇ ಅಣಕಿಸುವಂತೆ ಸುರಿಯುತ್ತಿತ್ತು. ಐರ್ಲೆಂಡಿನಲ್ಲಿ ತಿಂಗಳಿಗೊಮ್ಮೆ ಸಿಗುವಂಥ ದಿನ. ಕಿರಣ್ ಆಗಾಗ ಕಿಟಕಿಗೆ ಹೋಗಿ, "ಇನ್ನೂ ಪ್ರವಾಹ ಬಂದಿಲ್ಲಪ್ಪ," ಎಂದು ವರದಿ ಕೊಡುತ್ತಿದ್ದ. ಎರಡನೇ ಸಲ ಹೇಳಿದಾಗ ನವ್ಯಾ ಅವನ ಮೊಣಕೈ ಹಿಂಡಿದಳು. ಡಾಕ್ಟರು ಊಟ ಮುಗಿಸಿ ಒಲೆಯ ಪಕ್ಕದ ಕುರ್ಚಿಯಲ್ಲಿ ತೂಕಡಿಸಿದರು. ಮೊರೀನ್ ಚಹಾದ ಪಾತ್ರೆ ತಂದಿಡುತ್ತ, "ಹುಷಾರಾಗಿರುವುದು ಒಳ್ಳೆಯದೇ. ಅದೇನೂ ಪರವಾಗಿಲ್ಲ, ಗ್ರ್ಯಾಂಡ್," ಎಂದಳು. ಈ ದೇಶಕ್ಕೆ ಬಂದಾಗಿನಿಂದ ವಸುಂಧರಾ ಆ ಪದವನ್ನು ಹಲವು ಬಗೆಯಲ್ಲಿ ಕೇಳಿದ್ದಳು. ತುಂಬ ಚೆನ್ನಾಗಿದೆ ಎಂಬುದಕ್ಕೂ ಅದೇ, ಇನ್ನು ಆ ಮಾತು ಬೇಡ ಎಂಬುದಕ್ಕೂ ಅದೇ. ಇದು ಎರಡನೆಯದು.

ಅವಳು ತಟ್ಟೆಯಲ್ಲಿದ್ದದ್ದನ್ನು ಬಲವಂತವಾಗಿ ನುಂಗಿ ಕೋಣೆಗೆ ಹೋದಳು. ಹೃಷಿಕೇಶ್ ಹಿಂದೆಯೇ ಬಂದು ಬಾಗಿಲು ಹಾಕಿದ.

"ಮೊರೀನ್ ಹತ್ರ ಮಾತಾಡ್ದೆ," ಎಂದ. "ಬೇಜಾರು ಮಾಡ್ಕೋಬೇಡ. ಇನ್ನೊಂದು ಚಾನ್ಸ್ ಕೊಡ್ತಾಳೆ ಅನ್ಸತ್ತೆ."

"ಏನಂತ ಮಾತಾಡ್ದೆ?"

"ಏನಿಲ್ಲ. ಅವಳಿಗೆ ಸ್ವಲ್ಪ ಟೆನ್ಷನ್ ಆಗಿತ್ತು, ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ, ಮುಂದಿನ ಸಲ ಸರಿಹೋಗತ್ತೆ ಅಂತ."

ವಸುಂಧರಾ ಮಂಚದ ತುದಿಯಲ್ಲಿ ಕೂತಿದ್ದವಳು ಎದ್ದು ನಿಂತಳು. "ನನಗೆ ಟೆನ್ಷನ್ ಆಗಿರ್ಲಿಲ್ಲ ಹೃಷಿ. ನೀರು ಬರ್ತಿತ್ತು."

"ಸರಿ ಕಣೇ. ಬರ್ತಿತ್ತು."

ಆ 'ಸರಿ' ಅವಳ ಮೈಯುರಿಸಿತು. ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವಾಗ ಹೇಳುವಂಥ ಸರಿ. ಅವನು ಕೆಟ್ಟವನಲ್ಲ. ಅವಳ ಪರವಾಗಿಯೇ ಮಾತಾಡಿ ಬಂದಿದ್ದ. ಅದಕ್ಕೇ ಬಯ್ಯಲು ಕೂಡ ಆಗಲಿಲ್ಲ. ಗೂಟಕ್ಕೆ ಹಾಕಿದ್ದ ಜಾಕೆಟ್ ಎಳೆದುಕೊಂಡಳು.

"ಈಗೆಲ್ಲಿಗೆ?"

"ನೋಡ್ಕೊಂಡು ಬರ್ತೀನಿ."

"ನಾನೂ ಬರ್ಲಾ?"

"ಬೇಡ."

ಕಲ್ಲುಹಾಸಿನ ಮೇಲೆ ಅವಳು ಸರಸರ ನಡೆದಳು. ಬಿರುಕು ಬಂದಾಗ ದಾಟಿ, ಅಲುಗುವ ಕಲ್ಲು ಸಿಕ್ಕಾಗ ತಡೆದು, ಮತ್ತೆ ಸರಸರ. ನಡೆಯುತ್ತ ನಡೆಯುತ್ತ ತಾನು ಏನನ್ನು ಹಾರೈಸುತ್ತಿದ್ದೇನೆಂಬುದು ಅವಳಿಗೇ ಗೊತ್ತಾಯಿತು. ತಗ್ಗು ತುಂಬಿರಲಿ. ಸೊಂಟದವರೆಗೆ ತುಂಬಿರಲಿ. ಕಿರಣ್ ಬಂದು ಬಾಯಿ ಮುಚ್ಚಿಕೊಂಡು ನಿಲ್ಲುವಷ್ಟು ತುಂಬಿರಲಿ. ಮುಳುಗುವ ಅಪಾಯವನ್ನು ಹೀಗೆ ಆಸೆಪಟ್ಟು ಕಾಯುವವಳು ಎಂಥ ಗೈಡು ಎಂದು ನಾಚಿಕೆಯಾಯಿತು. ಆಸೆ ಮಾತ್ರ ಹೋಗಲಿಲ್ಲ.

ಕೊನೆಯ ಏರು ಹತ್ತಿದಾಗ ತಗ್ಗು ಕಾಣಿಸಿತು. ನೀರು ಬಂದಿತ್ತು. ಹುಲ್ಲಿನ ತುದಿಗಳೆಲ್ಲ ಮೇಲೆ ಕಾಣುವಂತೆ, ತೆಳ್ಳಗೆ, ಯಾರೋ ಅಂಗಳ ತೊಳೆದು ಹಾಗೇ ಬಿಟ್ಟ ಹಾಗೆ ಹರಡಿಕೊಂಡಿತ್ತು. ಅಷ್ಟೇ.

ಕಲ್ಲಿನ ಪಾಗಾರಕ್ಕೆ ಒರಗಿ ಮೊರೀನ್ ನಿಂತಿದ್ದಳು. ಲಾಡ್ಜಿನ ಹಿಂದಿನ ಗಾಡಿದಾರಿಯಲ್ಲಿ ಬಂದಿದ್ದಳೇನೋ. ಅವಳ ರಬ್ಬರ್ ಬೂಟುಗಳು ಒದ್ದೆಯಾಗಿದ್ದವು.

"ಆಚೆ ದಡದವರೆಗೆ ಹೋಗಿ ಬಂದೆ," ಎಂದಳು. "ಪಾದ ಮುಳುಗುತ್ತದೆ. ಅದಕ್ಕಿಂತ ಮೇಲೆ ಬರುವಂತೆ ಕಾಣುವುದಿಲ್ಲ."

"ಗುಳಿಗಳು?"

"ಅವು ಎಲ್ಲಿವೆಯೆಂದು ನನಗೆ ಗೊತ್ತು. ನಿನ್ನ ಜೊತೆ ಇದ್ದವರಿಗೆ ಗೊತ್ತಿರಲಿಲ್ಲ, ನಿಜ."

"ಹಾಗಾದರೆ ನಾನು ಹಿಂತಿರುಗಿದ್ದು ಸರಿಯೋ ತಪ್ಪೋ?"

"ನನಗೆ ಗೊತ್ತಿಲ್ಲ," ಎಂದಳು ಮೊರೀನ್. "ನಮ್ಮಪ್ಪ ಆಗಿದ್ದರೆ ಹಿಂತಿರುಗುತ್ತಿದ್ದ. ಆದರೆ ಅವನ ಜೊತೆ ಇರುತ್ತಿದ್ದದ್ದು ದನಗಳು. ದನಗಳು ಇಂಟರ್ನೆಟ್ಟಿನಲ್ಲಿ ದೂರು ಬರೆಯುವುದಿಲ್ಲ. ನನ್ನ ಹತ್ತಿರ ಬರುವವರಿಗೆ ಕಮರಿಯ ಕೊನೆ ಬೇಕು. ಬೂಟು ಒದ್ದೆಯಾದರೆ ನಗುತ್ತಾರೆ, ಕೊನೆ ಸಿಗದಿದ್ದರೆ ನಗುವುದಿಲ್ಲ." ಆಮೇಲೆ ಪಾಗಾರದ ಮೇಲಿನ ಒಂದು ಕಲ್ಲನ್ನು ಸರಿಪಡಿಸುತ್ತ ಹೇಳಿದಳು, "ಈ ಕೆಲಸ ಕೇಳಿಕೊಂಡು ಬಂದ ಎನ್ನಿಸ್ ಊರಿನವನೊಬ್ಬನಿದ್ದಾನೆ. ನಿನ್ನನ್ನು ನೋಡಿದ ಮೇಲೆ ಹೇಳುತ್ತೇನೆ ಅಂದಿದ್ದೆ. ಅವನಿಗೇ ಹೇಳುತ್ತೇನೆ, ವಸುಂಧರಾ. ನಿನ್ನ ಗಂಡ ಇನ್ನೊಂದು ಅವಕಾಶ ಕೇಳಿದ. ನೀನೇ ಕೇಳುತ್ತೀಯೇನೋ ಅಂತ ಕಾದೆ."

ಕೇಳಬಹುದಿತ್ತು. ಈಗಲೂ ಕೇಳಬಹುದಿತ್ತು. ಮುಂದಿನ ಸಲ ಇಷ್ಟು ನೀರಿಗೆ ಹಿಂತಿರುಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ಅವಳ ಗಂಟಲವರೆಗೆ ಬಂತು ಕೂಡ. ನೀರು ಮಂಡಿಯವರೆಗೆ ಬಂದಿದ್ದರೆ ವಾದ ಮಾಡಬಹುದಿತ್ತು. ತಗ್ಗು ಒಣಗಿದ್ದರೆ ಕ್ಷಮೆ ಕೇಳಬಹುದಿತ್ತು. ಪಾದ ಮುಳುಗುವಷ್ಟು ನೀರು ಅವಳಿಗೆ ಎರಡನ್ನೂ ಉಳಿಸಿರಲಿಲ್ಲ.

"ಅದೇ ಹುಲ್ಲು, ಅದೇ ಜನ ಆದರೆ ಮತ್ತೆ ಹಿಂತಿರುಗುತ್ತೇನೆ," ಎಂದಳು.

ಮೊರೀನ್ ತಲೆಯಾಡಿಸಿದಳು. "ಅಂದುಕೊಂಡೆ."

ವಸುಂಧರಾ ಪಾಗಾರದ ಮೇಲೆ ಕೂತು ಬೂಟಿನ ಲೇಸು ಬಿಚ್ಚಿದಳು. ಎರಡು ಬೂಟುಗಳನ್ನೂ ಜೋಡಿಸಿ ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು, ಕಾಲುಚೀಲದಲ್ಲೇ ಕೆಳಗಿಳಿದಳು.

"ಗುಳಿ ಎಲ್ಲೆಲ್ಲಿವೆ, ತೋರಿಸು."

ಮೊರೀನ್ ಕೈ ಚಾಚಿದಳು. "ಆ ಮುಳ್ಳಿನ ಗಿಡಗಳ ಸಾಲಿದೆಯಲ್ಲ, ಅದನ್ನು ಬಲಕ್ಕೆ ಬಿಟ್ಟು ನಡಿ. ಕತ್ತಲಾಗುವ ಮುಂಚೆ ಬಂದುಬಿಡು. ಗಂಡನಿಗೆ ಹೇಳುತ್ತೇನೆ."

ನೀರು ಎಲುಬು ಕೊರೆಯುವಷ್ಟು ತಣ್ಣಗಿತ್ತು. ಅರ್ಧ ದಾಟುವ ಹೊತ್ತಿಗೆ ಬೆರಳುಗಳು ಇವೆಯೋ ಇಲ್ಲವೋ ತಿಳಿಯದಾಯಿತು. ಮುಳ್ಳುಗಿಡಗಳ ಆಚೆ ಒಂದು ಕಡೆ ಹುಲ್ಲಿನ ತುದಿಗಳಿರಲಿಲ್ಲ. ಅಲ್ಲಿ ನೀರು ಕಪ್ಪಗೆ ದುಂಡಗೆ ಸುಮ್ಮನಿತ್ತು. ಅವಳು ನಿಂತು ಅದನ್ನು ನೋಡಿದಳು. ಫೋಟೋ ತೆಗೆಯೋಣವೆಂದು ಜೇಬಿಗೆ ಕೈ ಹಾಕಿ, ಯಾರಿಗೆ ತೋರಿಸಲೆಂದು ಕೈ ಹಿಂದಕ್ಕೆ ತೆಗೆದಳು.

ಕಮರಿಯೊಳಗೆ ಗಾಳಿಯಿರಲಿಲ್ಲ. ಎರಡೂ ಕಡೆಯ ಗೋಡೆಗಳು ಮಡಿಸಿಟ್ಟ ಜಮಖಾನೆಗಳ ಹಾಗೆ ಪದರಪದರವಾಗಿ ಏರಿದ್ದವು. ಬೂಟು ಹಾಕಿಕೊಳ್ಳದೆ, ಒದ್ದೆ ಕಾಲುಚೀಲದಲ್ಲೇ ಅವಳು ನಡೆದಳು. ಮಂಜು ಕವಿದಿದ್ದ ತಿರುವು ಹಿಂದೆ ಬಿತ್ತು. ಹೃಷಿಕೇಶ್ ಫೋನು ಎತ್ತಿ ಹಿಡಿದು ನಿಂತಿದ್ದ ಬಂಡೆ ಹಿಂದೆ ಬಿತ್ತು. ಅಲ್ಲಿಂದಾಚೆ ನಕ್ಷೆಯಲ್ಲಿ ಬರೀ ಗೆರೆಗಳಾಗಿದ್ದದ್ದೆಲ್ಲ ಕಾಲಿಗೆ ಚುಚ್ಚುವ ಕಲ್ಲಾಗಿ, ಕಂದುಬಣ್ಣಕ್ಕೆ ತಿರುಗಿದ ಜರಿಗಿಡವಾಗಿ, ಗೋಡೆಯಲ್ಲಿ ಸಿಕ್ಕಿಕೊಂಡು ಕಲ್ಲಾದ ಹವಳದ ಬಿಳಿ ಸುರುಳಿಯಾಗಿ ಬಂತು. ಒಂದು ಕಡೆ ಅವಳು ಅಭ್ಯಾಸಬಲದಿಂದ, ಹಿಂದೆ ವಿದ್ಯಾರ್ಥಿಗಳಿದ್ದಾರೇನೋ ಎಂಬಂತೆ, ಅಂಥ ಸುರುಳಿಯ ಮೇಲೆ ಬೆರಳಿಟ್ಟು ತಿರುಗಿದಳು. ಯಾರೂ ಇರಲಿಲ್ಲ.

ಕೊನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಜಲಪಾತವಿಲ್ಲ, ಗುಹೆಯಿಲ್ಲ. ಎರಡು ಗೋಡೆಗಳು ಹತ್ತಿರ ಬಂದು ಒಂದಾಗಿದ್ದವು. ಬುಡದಲ್ಲಿ ಸಣ್ಣ ಕಲ್ಲುಗಳ ಸಂದಿಯಿಂದ ಒಂದು ಊಟೆ ಸದ್ದಿಲ್ಲದೆ ಮೇಲೆ ಬಂದು, ನಾಲ್ಕು ಮಾರು ಹರಿದು, ಮತ್ತೆ ನೆಲದೊಳಗೆ ಇಳಿದು ಹೋಗುತ್ತಿತ್ತು.

ಅವಳು ಒಂದು ಬಂಡೆಯ ಮೇಲೆ ಕೂತು ಕಾಲುಚೀಲ ಕಳಚಿ ಹಿಂಡಿ, ಪಕ್ಕದಲ್ಲಿ ಹರವಿದಳು. ಬಿಸಿಲು ಗೋಡೆಯ ಮೇಲಂಚಿನಲ್ಲಷ್ಟೇ ಉಳಿದಿತ್ತು. ಅಲ್ಲಿ ಒಂದು ಕಾಡು ಮೇಕೆ ನಿಂತು, ಏನೋ ಮೆಲ್ಲುತ್ತ, ಕೆಳಗೆ ಅವಳನ್ನು ನೋಡಿತು. ಆಮೇಲೆ ಬೇರೆ ಕಡೆ ನೋಡಿತು, ಮೆಲ್ಲುವುದನ್ನು ಮಾತ್ರ ನಿಲ್ಲಿಸಲಿಲ್ಲ.