ಪೋಂಟು

ಶಿದ್ರಾಯ ಕೊಡಲಿ ಹಿಡಿದು ನನ್ನ ಅಂಗಳಕ್ಕೆ ನುಗ್ಗಿದಾಗ ಅವನ ಅಂಗಿಯ ಮೇಲೆ ರಕ್ತವಿತ್ತು. ಅದು ಶಿವಯೋಗೆಪ್ಪನ ರಕ್ತ. ನಮ್ಮೂರು ತಿಕೋಂಡಿಯ ಕಟ್ಟೆಯ ಮೇಲೆ ಕೂತು ಆ ಹಲ್ಕಟ್, "ಏ ಪೋಂಟೂ, ಒಂದ ಬೀಡಿ ಕೊಡೋ" ಎಂದಿದ್ದನಂತೆ. ಇವನು ಕಲ್ಲೆತ್ತಿ ಅವನ ಹಲ್ಲು ಉದುರಿಸಿದ್ದ. ಉದುರಲಿ ಬಿಡಿ! ಆದರೆ ಆ ಮಾತನ್ನು ಊರಿಗೆ ತಂದವನು ನಾನು.

"ದುಂಡ್ಯಾ, ಹೊರಗ ಬಾ! ನಮ್ಮನಿಗಿ ಆ ಹೆಸರ ಹಚ್ಚಿದಾಂವ ನೀನ. ಇವತ್ತ ನಿನ್ನ ಕಡದ ಹೋಗಾಂವ!"

ಶಿದ್ರಾಯನ ಅಣ್ಣ ಸೋಮನಿಂಗಪ್ಪನೂ ನಾನೂ ಕೂಡಿಯೇ ಪಲ್ಟಣ ಸೇರಿದ್ದೆವು. ಜರ್ಮನರು ನಮ್ಮನ್ನು ಫ್ರಾನ್ಸಿನಲ್ಲಿ ಸೆರೆ ಇಟ್ಟಿದ್ದರು. ತಪ್ಪಿಸಿಕೊಂಡು ಓಡುವಾಗ ಒಬ್ಬ ರೈತ ಹೆಂಗಸು ನನ್ನ ಕೈಗೆ ಚೀಟಿ ತುರುಕಿ, ಸೇತುವೆಯತ್ತ ಬೆರಳು ಮಾಡಿ, ತುಟಿ ಮುಟ್ಟಿ ತೋರಿಸಿದಳು. ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಫ್ರೆಂಚರು ಸೇತುವೆಯಲ್ಲಿ ಕಾವಲಿದ್ದರು; ಅವರಿಗೆ ಹೇಳಬೇಕಾದ ಗುರುತಿನ ಮಾತು ಅದು. ರಸ್ತೆಯಲ್ಲಿ ಜರ್ಮನ್ ಲಾರಿಗಳು ಬರುತ್ತಿದ್ದವು, ಬಾಯಿಬಿಟ್ಟು ಹೇಳಲು ಅವಳಿಗೆ ಪುರಸೊತ್ತಿರಲಿಲ್ಲ.

ಮುಂದೆ ಹೋದ ಸೋಮನಿಂಗಪ್ಪ ಆ ಸೇತುವೆಯ ಮೇಲೆ ಸತ್ತ. ನಾನು ಊರಿಗೆ ಬಂದು ಹೇಳಿದ್ದೇನು? "ನಾ ಸರಿ ಕಲಿಸಿದ್ದೆ. ಅವನ ನಾಲಗಿ ಹೊಳ್ಳಲಿಲ್ಲ. ಪೋಂ ಅನ್ನಬೇಕಾದಲ್ಲಿ ಪೋಂಟು ಅಂದ. ಜರ್ಮನ್ ಬೇಹಿನವ ಅಂತ ತಿಳದ ಗುಂಡ ಹಾರಿಸಿಬಿಟ್ರು." ಊರು ನಕ್ಕಿತು. ನಾಲ್ಕು ವರ್ಷದಿಂದ ಅದು ಪೋಂಟು ಮನಿ.

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಒನಕೆ ಎತ್ತಿ ಶಿದ್ರಾಯನ ಮೊಣಕಾಲಿಗೆ ಬಾರಿಸಿದೆ. ಅವನು ಬೀಳುತ್ತಲೇ ಕೊಡಲಿಯ ಕಾವಿನಿಂದ ನನ್ನ ದವಡೆಗೆ ಕೊಟ್ಟ. ಲಟಕ್ಕೆಂದಿತು, ಅಂಗಾತ ಬಿದ್ದೆ. ಬಾಯಿ ತುಂಬ ಬಿಸಿ ರಕ್ತ. ನನ್ನ ಎದೆಯ ಮೇಲೆ ಕೂತು ಕೊಡಲಿ ಎತ್ತಿದ.

"ತಡೀ ಶಿದ್ರಾಯಾ!" ಅವನ ತಾಯಿ ಕಾಳವ್ವ ಓಡಿಬಂದಳು. ನನ್ನ ತಲೆಯ ಹತ್ತಿರ ಕೂತಳು. "ದುಂಡಪ್ಪಾ, ನನ್ನ ಸೋಮನಿಂಗ ಭಜನಿಪದ ಒಮ್ಮಿ ಕೇಳಿದ್ರ ಹಂಗ ಒಪ್ಪಿಸ್ತಿದ್ದ. ಅಂಥಾವನ ನಾಲಗಿ ಅವತ್ತ ಯಾಕ ಹೊಳ್ಳಲಿಲ್ಲೋ?"

ಚೀಟಿಯಲ್ಲಿದ್ದದ್ದು ನಾಲ್ಕೇ ಅಕ್ಷರ: ಪಿ, ಓ, ಎನ್, ಟಿ. ಇಬ್ಬರಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವನು ನಾನೊಬ್ಬನೇ, ಅದರ ಸೊಕ್ಕು ಬೇರೆ. ಸಾಲೆಯಲ್ಲಿ ಕಲಿತಂತೆ ಬಿಡಿಸಿ ಓದಿದ್ದೆ: ಪೋಂ, ಟ್. ಕೊನೆಯಲ್ಲಿ ಅರ್ಧಾಕ್ಷರ ಬಂದರೆ ನಮ್ಮ ಬಾಯಿ ಸುಮ್ಮನೆ ಬಿಡುತ್ತದೆಯೇ? ಕೋಟು, ಬೂಟು, ಕೋರ್ಟು. ಅದಕ್ಕೂ ಒಂದು ಉಕಾರ ಅಂಟಿಸಿ ಅವನಿಗೆ ಬಾಯಿಪಾಠ ಮಾಡಿಸಿದೆ. ಆ ಫ್ರೆಂಚ್ ಮಂದಿ ಕಡೆಯ ಅಕ್ಷರ ಬರೆಯುತ್ತಾರೆ, ನುಡಿಯುವುದಿಲ್ಲ. ಹೆಣದ ಪಕ್ಕ ನಿಂತು ಕಾವಲಿನವನು ನನ್ನ ಚೀಟಿ ಓದಿ, "ಪೋಂ, ಪೋಂ" ಎಂದು ಅತ್ತಾಗಲೇ ನನಗೆ ಅದು ತಿಳಿದದ್ದು.

"ನಾನ ತಪ್ಪ ಕಲಿಸಿದ್ನೆವ್ವಾ," ಎಂದೆ. "ಅವ ನಾ ಹೇಳಿದಂಗ ಅಂದ. ಒಂದ ಅಕ್ಷರಾನೂ ತಪ್ಪಲಿಲ್ಲ."

ಕಾಳವ್ವ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿ ಎದ್ದಳು.

"ಕಡೀಬ್ಯಾಡ ಇವನ್ನ. ಊರ ಕಟ್ಟೀ ಕಡಿ ಎಳಕೊಂಡ ನಡಿ. ನಕ್ಕವರೆಲ್ಲಾ ಕೇಳ್ಲಿ."

ಶಿದ್ರಾಯ ಕೂದಲು ಹಿಡಿದು ಎಳೆದೊಯ್ದ. ಮಂದಿ ಕೂಡಿತು. ರಕ್ತ ಉಗುಳುತ್ತ, ತೊದಲುತ್ತ ನಡೆದದ್ದೆಲ್ಲ ಹೇಳಿದೆ. ಆದರೆ ಆ ಮಾತು ಬಂದಾಗ ಮುರಿದ ದವಡೆಯಿಂದ ಕಡೆಯ ಅಕ್ಷರ ಹೊರಡಲೇ ಇಲ್ಲ.

"ಪೋಂ," ಎಂದೆ.

ಕಾಳವ್ವ ಕಪಾಳಕ್ಕೆ ಹೊಡೆದಳು. "ನೀ ಕಲಿಸಿದಂಗ ಅನ್ನು. ನನ್ನ ಮಗ ಅಂದಂಗ ಅನ್ನು!"

ಮೂರನೆಯ ಏಟಿಗೆ ರಕ್ತದ ಜೊತೆ "ಪೋಂಟು" ಪೂರ್ತಿ ಹೊರಬಿತ್ತು. ಯಾರೂ ನಗಲಿಲ್ಲ.